ಸೋರದ ಸೂರು

“ಹನ್ನೊಂದು ದಿನ ಆಯ್ತು,” ಎಂದಳು ಹೆಂಡತಿ.

ಅವನು ಬೂಟಿನ ದಾರ ಬಿಗಿಯುತ್ತಿದ್ದ. ಯಾವುದಕ್ಕೆ ಹನ್ನೊಂದು ದಿನ ಎಂದು ತಲೆಯೊಳಗೇ ತಡಕಾಡಿದ. ನಲ್ಲಿ ರಿಪೇರಿಯವನಿಗೆ ಹೇಳಿಯೇ? ಅವಳಿಗೆ ಕೆಮ್ಮು ಹಿಡಿದೇ? ಹನ್ನೊಂದು ದಿನದ ಹಿಂದೆ ಹೆಂಚಿನ ಏಳನೆಯ ನಕ್ಷೆ ಮುಗಿದಿತ್ತು. ಅದಂತೂ ಅವಳು ಲೆಕ್ಕ ಇಡುವ ಸಂಗತಿಯಲ್ಲ.

“ಯಾವುದಕ್ಕೆ?”

“ಅವಳು ನಿಮ್ಮ ಹತ್ರ ಮಾತು ಬಿಟ್ಟು.”

“ಯಾರು?” ಎಂದು ಕೇಳಿಬಿಟ್ಟ. ಬಾಯಿಂದ ಬೀಳುವ ಮೊದಲೇ ಅದು ಕೇಳಬಾರದ ಪ್ರಶ್ನೆಯೆಂದು ಗೊತ್ತಾಯಿತು. ಮನೆಯಲ್ಲಿರುವುದು ಮೂರು ಜನ. ಒಬ್ಬಳು ಎದುರಿಗೆ ನಿಂತು ಮಾತಾಡುತ್ತಿದ್ದಾಳೆ.

ಹೆಂಡತಿ ಕೋಪಿಸಿಕೊಳ್ಳಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಚೀಲದ ಪಕ್ಕಕ್ಕಿಟ್ಟಳು. “ಅಪ್ಪನಿಗೆ ಗೊತ್ತೇ ಆಗಿಲ್ಲ ಅಂತ ಅವಳು ಅಂದ್ಲು. ಇಲ್ಲ ಕಣೇ, ಗೊತ್ತಾಗಿರತ್ತೆ, ಮನಸ್ಸಲ್ಲೇ ಇಟ್ಕೊಂಡಿರ್ತಾರೆ ಅಂತ ನಾನು ಅಂದೆ.”

“ಈಗ?”

“ಈಗ ಅವಳು ಗೆದ್ಲು.”

ಬೂಟಿನ ಗಂಟು ಬಿಗಿಯಾಯಿತು. ಅವನು ಎದ್ದು ಮಗಳ ಕೋಣೆಯ ಮುಂದೆ ಹೋಗಿ ನಿಂತ. ಬಾಗಿಲು ಮುಚ್ಚಿತ್ತು. ಹದಿನಾರು ವರ್ಷದ ಹುಡುಗಿಯರ ಬಾಗಿಲು ಮುಚ್ಚಿಯೇ ಇರುತ್ತದೆ ಎಂದು ಅವನು ಎಲ್ಲೋ ಓದಿದ್ದ, ಅಥವಾ ಯಾರೋ ಹೇಳಿದ್ದರು. ತಟ್ಟಲು ಕೈ ಎತ್ತಿದ. ಎತ್ತಿದ ಕೈಯಲ್ಲೇ ಗಡಿಯಾರವಿತ್ತು, ಎಂಟೂ ಹತ್ತು. ಒಂಬತ್ತಕ್ಕೆ ಕಾರ್ಖಾನೆಗೆ ಪರೀಕ್ಷಕ ಬರುತ್ತಾನೆ.

“ಏನು ಹೇಳಿದ್ದೆ ನಾನು ಅವಳಿಗೆ?” ಎಂದು ಪಿಸುದನಿಯಲ್ಲಿ ಕೇಳಿದ.

“ನನ್ನ ಕೇಳ್ತೀರಾ?”

“ನಿನಗೆ ಗೊತ್ತಲ್ಲ.”

“ಬಸ್ಸು ಹೋಗತ್ತೆ,” ಎಂದಳು ಹೆಂಡತಿ.

*

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಜನ ಜನರ ಮುಖ ನೋಡುವ ಹಾಗೆ ಅವನು ಸೂರುಗಳನ್ನು ನೋಡುತ್ತಿದ್ದ. ಇಪ್ಪತ್ತೊಂದು ವರ್ಷದ ಚಟ. ಆ ಮಾಡಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಈ ಮನೆಯ ತಗಡಿಗೆ ಮೊಳೆ ಹೊಡೆದವನು ಕೈಬಿಗಿ ಇಲ್ಲದವನು, ಆ ಅಂಗಡಿಯ ಹೆಂಚುಗಳ ನಡುವೆ ಪಾಚಿ ಕಟ್ಟಿದೆ, ಒಳಗೆ ಗೋಡೆ ಬೆವೆತಿರಬೇಕು. ಕೆಳಗೆ ಅಂಗಡಿಯವನು ಶಟರ್ ಎತ್ತಿ ಅವನತ್ತ ಕೈ ಬೀಸಿದ. ಯಾರೆಂದು ಗುರುತು ಸಿಗಲಿಲ್ಲ. ಬಸ್ಸು ಮುಂದೆ ಹೋದ ಮೇಲೆ, ಅದು ತನ್ನ ಬೀದಿಯ ಔಷಧಿ ಅಂಗಡಿಯವನೇ ಎಂದು ಹೊಳೆಯಿತು.

ಹನ್ನೊಂದು ದಿನ. ಹಿಂದಕ್ಕೆ ಎಣಿಸಿದ. ಅದೊಂದು ಗುರುವಾರ. ಆ ಗುರುವಾರ ತಾನು ಏನು ಮಾಡಿದೆನೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಹೆಂಚಿನ ಕೆಳತುಟಿಯ ಮಡಿಕೆ ಎಂಟು ಪಾಯಿಂಟು, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಎಂಟು ಭಾಗ, ಸಡಿಲವಿತ್ತು, ಅದನ್ನು ಆರಕ್ಕೆ ತಂದಿದ್ದ. ಆ ಎರಡು ಪಾಯಿಂಟಿಗೆ ಎರಡು ವಾರ ತಲೆ ಕೆಡಿಸಿಕೊಂಡಿದ್ದ. ಸಿಕ್ಕಾಗ ಸಂಜೆ ಆರೂ ಇಪ್ಪತ್ತು. ಹಾಲು ತರಲು ಮರೆತದ್ದೂ ನೆನಪಿತ್ತು. ಮಗಳ ಜಾಗ ಮಾತ್ರ ಬೋಳು. ಆ ದಿನ ಅವಳು ಮನೆಯಲ್ಲೇ ಇರಲಿಲ್ಲವೇನೋ ಎನ್ನುವಷ್ಟು ಬೋಳು.

ಹನ್ನೊಂದು ದಿನ ಒಬ್ಬರು ಮಾತಾಡದೆ ಇರುವುದು ಗೊತ್ತಾಗಬೇಕಾದರೆ ಅದಕ್ಕೆ ಮೊದಲು ಎಷ್ಟು ಮಾತಿರಬೇಕು? ಅವನು ಲೆಕ್ಕ ಹಾಕಿದ. ದಿನಕ್ಕೆ ಒಂದೆರಡು ಮಾತು. ‘ಚಾರ್ಜರ್ ಎಲ್ಲಿ’, ‘ಲೇಟಾಗತ್ತೆ’. ಎರಡು ಹೋಗಿ ಸೊನ್ನೆಯಾದರೆ ಯಾವ ಉಪಕರಣದಲ್ಲೂ ಮುಳ್ಳು ಅಲ್ಲಾಡುವುದಿಲ್ಲ. ಈ ವಾದ ತನಗೇ ಒಪ್ಪಿಗೆಯಾದದ್ದು ಕಂಡು ಅವನಿಗೆ ಸಣ್ಣಗೆ ನಾಚಿಕೆಯಾಯಿತು.

*

ಕಾರ್ಖಾನೆಯಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ‘ಸೂರಪ್ಪ’ ಎನ್ನುತ್ತಿದ್ದರು. ಅವನಿಗದು ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಆದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಸೂರಪ್ಪನ ಹೆಂಚು ತಗಡಿನದು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಒಂದೂವರೆ ಗೇಣು ಅಗಲ. ಮೇಲಂಚು ಮೇಲಕ್ಕೆ ಮಡಿಚಿದೆ, ಕೆಳಂಚು ಒಳಕ್ಕೆ. ಎಡಗಡೆ ಒಂದು ಕಾಲುವೆ, ಬಲಗಡೆ ಆ ಕಾಲುವೆಯೊಳಗೆ ಕೂರುವ ನಾಲಿಗೆ. ಒಂದು ಹೆಂಚು ಸುತ್ತಲಿನ ಹೆಂಚುಗಳನ್ನೆಲ್ಲ ಕಚ್ಚಿ ಹಿಡಿಯುತ್ತದೆ. ತಿರುಪು ಬಿಗಿಯುವ ಜಾಗವನ್ನು ಮೇಲಿನ ಸಾಲು ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಒಂದು ತೂತಿಲ್ಲ, ಒಂದು ತಿರುಪಿನ ತಲೆ ಕಾಣುವುದಿಲ್ಲ. ಗಾಳಿ ಎಬ್ಬಿಸಲು ಬಂದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದು ಅವನ ಹೆಮ್ಮೆ. ಹೆಮ್ಮೆಪಡುವುದನ್ನು ಅವನು ಯಾರಿಗೂ ತೋರಿಸುತ್ತಿರಲಿಲ್ಲ, ಆದರೆ ಮೇಜಿನ ಮೇಲಿಟ್ಟ ಎರಡು ಹೆಂಚುಗಳನ್ನು ಯೋಚನೆಯಿಲ್ಲದೆ ಸೇರಿಸುತ್ತ, ಬಿಡಿಸುತ್ತ ಕೂತಿರುತ್ತಿದ್ದ. ಕಟ್ ಎಂದು ಕೂರುವ ಆ ಸದ್ದು ಅವನಿಗೆ ಊಟದಷ್ಟೇ ತೃಪ್ತಿ ಕೊಡುತ್ತಿತ್ತು.

ಅಚ್ಚು ಮಾಡುವ ಮುದುಕ ಪರೀಕ್ಷೆಯ ಚೌಕಟ್ಟಿನ ಹತ್ತಿರ ಕಾಯುತ್ತಿದ್ದ. ನಲವತ್ತು ವರ್ಷ ಒತ್ತುಯಂತ್ರದ ಪಕ್ಕ ನಿಂತು ಕಿವಿ ಮಂದವಾದವನು. ಏಳು ನಕ್ಷೆಗಳಿಗೂ ಅಚ್ಚು ಕೆತ್ತಿದ್ದು ಅವನ ಕೈ.

“ನಿಮ್ಮ ಮಕ್ಕಳು ನಿಮ್ಮ ಹತ್ರ ಮಾತಾಡ್ತಾರಾ?” ಎಂದು ಅವನು ಮುದುಕನನ್ನು ಕೇಳಿದ.

“ಆಂ?”

“ಮಕ್ಕಳು. ಮಾತಾಡ್ತಾರಾ?”

“ಮಾತಾಡ್ತಾರಪ್ಪ, ಯಾಕೆ ಮಾತಾಡಲ್ಲ. ನನಗೆ ಕೇಳ್ಸಲ್ಲ ಅಷ್ಟೇ.” ಮುದುಕ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, “ಯಾಕೆ?” ಎಂದ.

“ಸುಮ್ನೆ.”

ಸುಮ್ಮನೆ ಏನನ್ನೂ ಕೇಳುವ ಮನುಷ್ಯ ಇವನಲ್ಲ ಎಂದು ಮುದುಕನಿಗೆ ಗೊತ್ತು. ಆದರೆ ಪರೀಕ್ಷಕನ ಕಾರು ಗೇಟಿನೊಳಗೆ ಬಂದಿತ್ತು.

ಪರೀಕ್ಷಕ ಎಳೆಯ ವಯಸ್ಸಿನವನು, ನೆಗಡಿಯಾಗಿತ್ತು. ಚೌಕಟ್ಟಿನ ಮೇಲೆ ಅರವತ್ತು ಹೆಂಚುಗಳ ಮಾದರಿ ಸೂರು ಓರೆಯಾಗಿ ನಿಂತಿತ್ತು. ಅದರ ಅಡಿಗೆ ನೀರು ಬಿದ್ದರೆ ನೀಲಿಯಾಗುವ ಬಿಳಿ ಕಾಗದ ಹಾಸಿದ್ದರು. ಎದುರಿಗೆ ಆಳೆತ್ತರದ ಫ್ಯಾನು, ಮೇಲೆ ಸಾಲು ನಲ್ಲಿಗಳು. ಪರೀಕ್ಷಕ ಕಾಗದದ ನಾಲ್ಕು ಮೂಲೆಗೆ ಸಹಿ ಮಾಡಿ, ಸೀನಿ, “ಶುರು ಮಾಡಿ” ಎಂದ.

ನೀರು ಬಿತ್ತು. ಫ್ಯಾನು ಆ ನೀರನ್ನು ಅಡ್ಡಡ್ಡ ಎರಚಿತು. ಬಿರುಗಾಳಿಯ ಮಳೆ ಮೂವತ್ತು ನಿಮಿಷ. ಅವನು ಕೈಕಟ್ಟಿ ನಿಂತು ನೋಡಿದ. ಭಯವೇನೂ ಇರಲಿಲ್ಲ. ಭಯವಿದ್ದದ್ದು ಮೂರನೆಯ ನಕ್ಷೆಯವರೆಗೆ. ಆಗ ಪ್ರತಿ ಹೆಂಚಿನ ಕೆಳತುಟಿಯಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿದ್ದ, ಗಾಳಿಯಾಡಲಿ ಎಂದು. ಫ್ಯಾನು ಜೋರು ಮಾಡಿದಾಗಲೆಲ್ಲ ಆ ಸಂದಿನಿಂದ ತುಂತುರು ನುಗ್ಗಿ ಕಾಗದದ ಮೇಲೆ ನೀಲಿ ಚುಕ್ಕೆ ಎಬ್ಬಿಸುತ್ತಿತ್ತು. ನಾಲ್ಕನೆಯ ನಕ್ಷೆಯಲ್ಲಿ ಸಂದು ಮುಚ್ಚಿದ. “ಗಾಳಿಗೇನು ಮಾಡ್ತೀಯಪ್ಪ?” ಎಂದು ಮುದುಕ ಆಗ ಕೇಳಿದ್ದ. “ಗಾಳಿ ಬರೋ ದಾರೀಲೇ ನೀರೂ ಬರೋದು,” ಎಂದು ಅವನು ಹೇಳಿದ್ದ. ಮುದುಕ ಮತ್ತೆ ಕೇಳಲಿಲ್ಲ. ಕೇಳಿದ್ದರೂ ಉತ್ತರ ಅದೇ.

ಮೂವತ್ತು ನಿಮಿಷಕ್ಕೆ ನೀರು ನಿಂತಿತು. ಪರೀಕ್ಷಕ ಮಂಡಿಯೂರಿ ಚೌಕಟ್ಟಿನಡಿಗೆ ತಲೆ ತೂರಿಸಿ, ಟಾರ್ಚು ಹಾಯಿಸಿ, ಬಹಳ ಹೊತ್ತು ಹುಡುಕಿದ. ತಪ್ಪು ಸಿಗದಿದ್ದದ್ದು ಅವನಿಗೆ ಸ್ವಲ್ಪ ಬೇಜಾರಾದಂತಿತ್ತು.

“ಒಂದು ಚುಕ್ಕೆ ಇಲ್ಲ,” ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಬಂದು ಸೂರಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಕುಲುಕುತ್ತಿರುವುದು ಬೇರೆ ಯಾರದೋ ಕೈ ಎಂಬಂತೆ ಅವನು ಅದನ್ನೇ ನೋಡಿದ. ಹೊಗಳಿಕೆ ಕೇಳುವಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ಅವನಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ನಕ್ಕರೆ ಜಂಬ, ನಗದಿದ್ದರೆ ಅದೂ ಜಂಬ.

“ನಾಳೆ ಬೆಳಗ್ಗೆ ಎಂಟಕ್ಕೆ ಯಂತ್ರಕ್ಕೆ ಹಾಕ್ತೀವಿ. ಮೊದಲ ಕಂತು ನಲವತ್ತು ಸಾವಿರ ಹೆಂಚು,” ಎಂದ ಮ್ಯಾನೇಜರ್. “ಇನ್ನು ನೀವು ಆರಾಮಾಗಿ ನಿದ್ದೆ ಮಾಡಬಹುದು.”

“ನಾನು ಚೆನ್ನಾಗೇ ನಿದ್ದೆ ಮಾಡ್ತೀನಿ,” ಎಂದ ಅವನು. ಅದು ನಿಜವಾಗಿತ್ತು.

*

ಮಧ್ಯಾಹ್ನ ಊಟದ ಹೊತ್ತಿಗೆ ಮೇಜಿನ ಸೆಳೆಖಾನೆಯಿಂದ ಟಿಪ್ಪಣಿ ಪುಸ್ತಕ ತೆಗೆದ. ಪ್ರತಿ ದಿನದ ಕೆಲಸವನ್ನೂ ಅವನು ಅದರಲ್ಲಿ ಬರೆದಿಡುತ್ತಿದ್ದ, ಮನೆಗೆ ಒಯ್ದ ಕೆಲಸವನ್ನೂ. ಆ ಗುರುವಾರದ ಪುಟ ಸಿಕ್ಕಿತು. ಮಡಿಕೆಯ ಅಡ್ಡಕೊಯ್ತದ ಚಿತ್ರ. ಪಕ್ಕದಲ್ಲಿ ‘೦.೬ ಸರಿ’ ಎಂದು ಅವನದೇ ಅಕ್ಷರ, ಕೆಳಗೆ ಎರಡು ಗೆರೆ.

ಚಿತ್ರದ ಬಲಗಡೆ ಒಂದು ಗೆರೆ ಒಂದಿಷ್ಟು ಜರುಗಿತ್ತು. ಅವನ ಗೆರೆಗಳು ಜರುಗುವುದಿಲ್ಲ.

ಆ ಗೆರೆಯನ್ನು ನೋಡುತ್ತಿದ್ದ ಹಾಗೆ ಏನೋ ಕದಲಿತು. ಕಾಗದದ ಮೇಲೆ ನೆರಳು ಬಿದ್ದಿತ್ತು. ಹೌದು. ಮನೆಯಲ್ಲಿ, ಅವನ ಕೋಣೆಯ ಬಾಗಿಲಲ್ಲಿ ಯಾರೋ ಬಂದು ನಿಂತಿದ್ದರು, ಹಜಾರದ ದೀಪ ಅವರ ಹಿಂದಿತ್ತು. ನೆರಳಿನಿಂದ ತಪ್ಪಿಸಿಕೊಳ್ಳಲು ಅವನು ಕಾಗದವನ್ನು ಎಡಕ್ಕೆ ಸರಿಸಿದ. ನೆರಳೂ ಸರಿಯಿತು; ನಿಂತವರು ಒಂದು ಹೆಜ್ಜೆ ಒಳಗೆ ಬಂದಿರಬೇಕು. ಆಗ ಅವನು ತಲೆಯೆತ್ತದೆ ಹೇಳಿದ್ದ: “ಬೆಳಕಿಗೆ ಅಡ್ಡ ನಿಲ್ಬೇಡ.”

ತನ್ನ ದನಿ ಅವನಿಗೆ ಈಗ ಸ್ಪಷ್ಟವಾಗಿ ಕೇಳಿಸಿತು. ಒರಟೇನೂ ಆಗಿರಲಿಲ್ಲ. ಅಂಗಡಿಯ ಸರತಿಯಲ್ಲಿ ಮುಂದಿನವರಿಗೆ ಹೇಳುವ ಹಾಗೆ ಹೇಳಿದ್ದ.

ಅದಕ್ಕೂ ಮೊದಲು ಅವಳು ಏನೋ ಹೇಳಿದ್ದಳು. ಒಂದು ವಾಕ್ಯ, ಎರಡೂ ಇರಬಹುದು. ಆ ಜಾಗದಲ್ಲಿ ಸದ್ದಿತ್ತು, ಮಾತಿರಲಿಲ್ಲ. ಅವನು ಕಣ್ಣು ಮುಚ್ಚಿ ಆ ಸದ್ದಿನ ಮೊದಲ ಅಕ್ಷರವನ್ನಾದರೂ ಹಿಡಿಯಲು ನೋಡಿದ. ‘ಅಪ್ಪ’ ಎಂದಿರಬೇಕು. ಅದು ಊಹೆ, ನೆನಪಲ್ಲ.

ಹೆಂಡತಿಗೆ ಫೋನು ಮಾಡಿದ.

“ಅವತ್ತು ಅವಳು ನನ್ನ ಕೋಣೆಗೆ ಬಂದಿದ್ದಳು ಅಲ್ವಾ?”

“ನೆನಪಾಯ್ತಾ?”

“ಅರ್ಧ.”

“ಯಾವ ಅರ್ಧ?”

“ನಾನು ಹೇಳಿದ್ದು.”

ಆ ಕಡೆ ಪಾತ್ರೆಯ ಸದ್ದು ನಿಂತಿತು. “ಇನ್ನರ್ಧ ಅವಳನ್ನೇ ಕೇಳಿ.”

“ನೀನು ಹೇಳಬಾರದಾ? ಅವಳು ನಿನ್ನ ಹತ್ರ ಹೇಳಿರ್ತಾಳಲ್ಲ.”

“ನನ್ನ ಹತ್ರ ಹೇಳಿದ್ದು ನನಗೆ. ನಿಮ್ಮ ಹತ್ರ ಹೇಳೋಕೆ ಬಂದಿದ್ದು ನಿಮಗೆ.”

“ಗಂಭೀರವಾದದ್ದಾ?”

“ಗಂಭೀರ ಅಂದ್ರೆ?”

“ಅಂದ್ರೆ, ಆರೋಗ್ಯ, ಕಾಲೇಜು, ಯಾರಾದರೂ ಹುಡುಗ...”

“ಪಟ್ಟಿ ಮಾಡ್ತಿದ್ದೀರಲ್ಲ,” ಎಂದಳು ಹೆಂಡತಿ. ಆಮೇಲೆ, “ಪರೀಕ್ಷೆ ಏನಾಯ್ತು?” ಎಂದು ಕೇಳಿದಳು.

“ಪಾಸಾಯ್ತು. ಒಂದು ಚುಕ್ಕೆ ಇಲ್ಲ.”

“ಒಳ್ಳೇದಾಯ್ತು.” ಅವಳು ಮನಸಾರೆ ಹೇಳಿದ್ದಳು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಮಗಳಿಗೆ ಮೆಸೇಜು ಮಾಡಲು ಕೂತ. ‘ಅವತ್ತು ನೀನು ಏನು ಹೇಳಿದೆ?’ ಎಂದು ಬರೆದ. ವಿಚಾರಣೆಯ ಹಾಗಿತ್ತು. ಅಳಿಸಿದ. ‘ನನಗೆ ಕೇಳಿಸಲಿಲ್ಲ’ ಎಂದು ಬರೆದ. ಅದು ಅರ್ಧ ಸುಳ್ಳು. ಕೇಳಿಸಿರಲಿಲ್ಲ ನಿಜ, ಕೇಳಿಸಿಕೊಂಡಿರಲೂ ಇಲ್ಲ. ಅಳಿಸಿದ. ‘ಅಡ್ಡ ನಿಲ್ಬೇಡ ಅಂದದ್ದು ನಿನಗಲ್ಲ’ ಎಂದು ಬರೆದು, ಹಾಗಾದರೆ ಯಾರಿಗೆ ಎಂದು ತನ್ನನ್ನೇ ಕೇಳಿಕೊಂಡು, ಅದನ್ನೂ ಅಳಿಸಿದ. ಕೊನೆಗೆ ‘ಊಟ ಆಯ್ತಾ?’ ಎಂದು ಕಳಿಸಿದ.

ನೋಡಿದ ಗುರುತು ತಕ್ಷಣ ಬಿತ್ತು. ಉತ್ತರ ಬರಲಿಲ್ಲ. ಅವನು ಬಹಳ ಹೊತ್ತು ಆ ಗುರುತನ್ನೇ ನೋಡುತ್ತ ಕೂತ. ಅವಳು ನೋಡಿದ್ದಾಳೆ. ಇಷ್ಟಾದರೂ ಆಯಿತಲ್ಲ ಎಂದುಕೊಂಡ. ಇಷ್ಟು ಎಂದರೆ ಎಷ್ಟು ಎಂದು ಲೆಕ್ಕ ಹಾಕಲು ಮನಸ್ಸಾಗಲಿಲ್ಲ.

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ. “ಒಂದು ಸಣ್ಣ ತಲೆನೋವು. ಆ ಹೊಲಿಗೆಯವರ ಮನೆ ಇದೆಯಲ್ಲ, ಮಳೆಗಾಲಕ್ಕೆ ಮೊದಲು ಪ್ರಯೋಗಕ್ಕೆ ಅಂತ ನಮ್ಮ ಆರನೆಯ ನಕ್ಷೆಯ ಹೆಂಚು ಹಾಕಿಕೊಟ್ಟಿದ್ವಿ. ಸೋರ್ತಿದೆಯಂತೆ.”

“ಸೋರೋಕೆ ಸಾಧ್ಯವಿಲ್ಲ.”

“ಅದನ್ನೇ ನಾನೂ ಹೇಳಿದೆ. ಆ ಹೆಂಗಸು ಫೋನಲ್ಲೇ ನನ್ನ ಕಿವಿ ಹಿಂಡಿದ್ಲು. ತಿರುಪು ಸರಿಯಾಗಿ ಬಿಗಿದಿರಲ್ಲ ಯಾವನೋ. ಹೋಗಿ ನೋಡಿ ಬಾಯಿ ಮುಚ್ಚಿಸಿ ಬನ್ನಿ. ನಾಳೆ ಎಂಟಕ್ಕೆ ಮೊದಲು ನನಗೆ ಒಂದು ಮಾತು ಸಾಕು, ಹೆಂಚಿಂದು ತಪ್ಪಿಲ್ಲ ಅಂತ.”

*

ಹೊಲಿಗೆಯವಳ ಮನೆ ಕಾರ್ಖಾನೆಯಿಂದ ಅರ್ಧ ಗಂಟೆಯ ದಾರಿ. ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಸಂಜೆಯಾಗಿ ಚಳಿ ಇಳಿದಿತ್ತು. ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ಬೀದಿಯಿಂದಲೇ ಅವನು ಸೂರನ್ನು ನೋಡಿದ. ಸಾಲುಗಳು ದಾರ ಹಿಡಿದಂತೆ ನೇರ. ಕೆಲಸ ಮಾಡಿದವನ ಕೈಯಲ್ಲಿ ಕುಂದಿರಲಿಲ್ಲ.

ಬಾಗಿಲು ತೆಗೆದ ಕೂಡಲೇ ಅವನ ಕನ್ನಡಕ ಮಂಜಾಯಿತು. ಏನೂ ಕಾಣದೆ ಹೊಸ್ತಿಲಲ್ಲೇ ನಿಂತ. ಕಾಣುವ ಮೊದಲು ಕೇಳಿಸಿತು: ಎರಡು ಹೊಲಿಗೆಯಂತ್ರಗಳ ಓಟ, ಬುಸ್ ಎನ್ನುವ ಹಬೆ ಇಸ್ತ್ರಿ, ಯಾವುದೋ ಮಗುವಿನ ಪಾಠ, ಯಾರೋ ಯಾರನ್ನೋ ಬೈಯುವುದು, ಬೈಸಿಕೊಂಡವರ ನಗು.

“ಬನ್ನಿ ಬನ್ನಿ, ಬಾಗಿಲು ಹಾಕಿ, ಚಳಿ ಬರತ್ತೆ,” ಎಂದಿತು ಒಂದು ಹೆಣ್ಣು ದನಿ.

ಕನ್ನಡಕ ಒರೆಸಿಕೊಂಡು ನೋಡಿದ. ಹೊಲಿಗೆಯವಳು ಐವತ್ತರ ಗಟ್ಟಿಗಿತ್ತಿ, ಕುತ್ತಿಗೆಯಲ್ಲಿ ಅಳತೆ ಪಟ್ಟಿ. ಅವಳ ಗಂಡ ಮೂಲೆಯಲ್ಲಿ ಇಸ್ತ್ರಿ ಹಿಡಿದಿದ್ದ. ಇನ್ನೊಂದು ಯಂತ್ರದಲ್ಲಿ ಅವಳ ವಾರಗಿತ್ತಿ, ಕಿಟಕಿಯ ಕೆಳಗೆ ಗುಂಡಿ ಹಚ್ಚುತ್ತ ಅತ್ತೆ, ನೆಲದ ತುಂಬ ಮಕ್ಕಳು. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಬಟ್ಟೆ ಕುದಿಯುತ್ತಿತ್ತು. ಆಸ್ಪತ್ರೆಯವರಿಗೆ ಬಿಳಿ ಕೋಟು ಹೊಲಿಯುವ ಮನೆ. ಧೂಳು ಬೀಳದಿರಲೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರು.

ಹೊಲಿಗೆಯವಳು ಮಾತಾಡದೆ ಒಂದು ಕೋಟನ್ನು ಬಿಡಿಸಿ ಅವನ ಮುಂದೆ ಹಿಡಿದಳು. ಭುಜದ ಮೇಲೆ ಕಂದು ಕಲೆ, ನಾಣ್ಯದಷ್ಟು ಅಗಲ.

“ಇಂಥವು ಹನ್ನೆರಡಾಯ್ತು. ರಾತ್ರಿ ಪೂರ್ತಿ ಕೂತು ಹೊಲಿದಿದ್ದು. ಹನಿ ಬಿದ್ದರೆ ತೊಳೆದ್ರೂ ಹೋಗಲ್ಲ.”

“ಎಲ್ಲಿ ಬೀಳತ್ತೆ?”

“ಎಲ್ಲಿ ಬೀಳಲ್ಲ ಅಂತ ಕೇಳಿ. ನಿನ್ನೆ ಅಲ್ಲಿ, ಇವತ್ತು ಇಲ್ಲಿ. ಅತ್ತೆ ಹಾಸಿಗೆ ಮೂರು ಸಲ ಎಳೆದಾಡಿದ್ದಾಯ್ತು.”

ಇಸ್ತ್ರಿಯವನು ತಲೆಯೆತ್ತಿದ. “ಮಳೆಗಾಲ ಪೂರ್ತಿ ಒಂದು ಹನಿ ಬೀಳಲಿಲ್ಲ ಸಾರ್. ಮಳೆ ನಿಂತು ಎರಡು ತಿಂಗಳಾದ ಮೇಲೆ ಸೋರ್ತಿದೆ. ಇದ್ಯಾವ ಸೀಮೆ ಸೂರು ಅಂತ!” ಮಕ್ಕಳೆಲ್ಲ ನಕ್ಕರು. ಈ ಮಾತನ್ನು ಅವನು ಬೀದಿಯವರಿಗೆಲ್ಲ ಹೇಳಿ ನಗಿಸಿ ಪಳಗಿದ್ದನೆಂದು ಕಾಣುತ್ತಿತ್ತು.

ಸೂರಪ್ಪ ನಗಲಿಲ್ಲ. ಎರಡು ತಿಂಗಳಿಂದ ಮಳೆಯಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ, ದೂರು ಕೇಳಿದ ಮಧ್ಯಾಹ್ನದಿಂದ ಇಲ್ಲಿಯವರೆಗೆ, ಈ ನೀರು ಎಲ್ಲಿಂದ ಬಂದೀತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನೀರು ಹೊರಗಿನಿಂದ ಬರುತ್ತದೆ. ಇಪ್ಪತ್ತೊಂದು ವರ್ಷ ಅವನು ಅದರ ಎದುರು ನಿಂತಿದ್ದ.

“ಏಣಿ ಇದೆಯಾ?”

ಮಾಳಿಗೆಗೆ ಹತ್ತುವ ಕಿಂಡಿ ಇಸ್ತ್ರಿ ಮೇಜಿನ ಮೇಲೇ ಇತ್ತು. ಒಂದು ಹುಡುಗಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಅಜ್ಜಿ ಅವಳ ಲಂಗ ಹಿಡಿದು ಕೂರಿಸಿದಳು. ಅವನು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹತ್ತಿದ. ಒಳಗೆ ನಿಲ್ಲುವಷ್ಟು ಎತ್ತರವಿರಲಿಲ್ಲ. ತೊಲೆಗಳ ಮೇಲೆ ಹಲಗೆಯಿತ್ತು, ಅದರ ಮೇಲೆ ಅಂಗಾತ ಮಲಗಿ ಬೆಳಕು ಮೇಲಕ್ಕೆ ಹಿಡಿದ.

ಹೆಂಚು ಕೂರಿಸಿದ ಮರದ ಪಟ್ಟಿಗಳನ್ನು ತೂರಿ ಇಳಿದಿದ್ದ ಪ್ರತಿ ತಿರುಪಿನ ಮೊನೆಯಲ್ಲೂ ಒಂದೊಂದು ಹನಿ ತೂಗುತ್ತಿತ್ತು. ಸಾಲು ಸಾಲು, ಮೊಳಕ್ಕೊಂದು, ಸೂರಿನ ಈ ತುದಿಯಿಂದ ಆ ತುದಿಯವರೆಗೆ. ಪಟ್ಟಿಗಳ ನಡುವೆ ಕಾಣುವ ತಗಡಿನ ಒಳಮೈ ಬೆವರಿದ ಹಣೆಯಂತೆ ಹೊಳೆಯಿತು. ಅವನು ಬೆರಳಿನಿಂದ ಮಡಿಕೆಗಳನ್ನು ತಡವಿದ. ಎಲ್ಲವೂ ಕಚ್ಚಿಕೊಂಡಿದ್ದವು. ಹೊರಗಿನದು ಒಂದು ಎಳೆ ಒಳಗೆ ಬಂದಿರಲಿಲ್ಲ.

ಇಸ್ತ್ರಿಯ ಹಬೆ, ಹಂಡೆಯ ಹಬೆ, ಹತ್ತು ಜನರ ಉಸಿರು. ಕಿಂಡಿಯಿಂದ, ಹಲಗೆಯ ಸಂದಿನಿಂದ ಮೇಲೇರಿ ಬಂದದ್ದು ತಣ್ಣನೆಯ ತಗಡಿಗೆ ತಾಗಿ ನಿಲ್ಲುತ್ತಿತ್ತು. ಹೋಗಲು ದಾರಿಯಿರಲಿಲ್ಲ. ಅದನ್ನು ಅವನೇ ಮುಚ್ಚಿದ್ದ, ನಾಲ್ಕನೆಯ ನಕ್ಷೆಯಲ್ಲಿ.

ಒಂದು ಹನಿ ಅವನ ಕೆನ್ನೆಗೆ ಬಿತ್ತು. ಬೆಚ್ಚಗಿರಬಹುದೆಂದು ಯಾಕೋ ಅಂದುಕೊಂಡಿದ್ದ. ತಣ್ಣಗಿತ್ತು.

ಜೇಬಿನಲ್ಲಿ ಫೋನು ಅದುರಿತು. ಮ್ಯಾನೇಜರ್.

“ಏನಾಯ್ತು?”

“ಹೆಂಚು ಸೋರ್ತಿಲ್ಲ.”

“ನನಗೆ ಗೊತ್ತಿತ್ತು!”

“ಸೋರ್ತಿಲ್ಲ, ಆದರೆ ನೀರು...”

“ಸೋರ್ತಿಲ್ಲ ತಾನೆ? ಅಷ್ಟೇ ಬೇಕಾಗಿದ್ದು. ಆ ಆದರೆಯನ್ನ ನಾಳೆ ಕೇಳ್ತೀನಿ. ಎಂಟು ಗಂಟೆಗೆ ಬಂದುಬಿಡಿ.”

ಫೋನು ಕತ್ತಲಾಯಿತು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮತ್ತೆ ಕರೆ ಮಾಡಿ ಹೇಳಬಹುದಿತ್ತು, ಯಂತ್ರ ನಿಲ್ಲಿಸಿ, ಇನ್ನೊಂದು ನಕ್ಷೆ ಬೇಕು ಎಂದು. ನಲವತ್ತು ಸಾವಿರ ಹೆಂಚು ಎಷ್ಟು ಮನೆಗೆ ಆಗುತ್ತದೆಂದು ಮನಸ್ಸು ತನ್ನಷ್ಟಕ್ಕೆ ಭಾಗಿಸತೊಡಗಿತು. ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿಯೇ ಇದ್ದ.

“ಸಿಕ್ತಾ?” ಕಿಂಡಿಯ ಕೆಳಗಿನಿಂದ ಹೊಲಿಗೆಯವಳ ದನಿ.

“ನೋಡ್ತಿದ್ದೀನಿ.”

“ನಿಮ್ಮ ಮನೆಗೂ ಇದೇ ಸೂರಂತಲ್ಲ. ಹಾಕೋಕೆ ಬಂದವರು ಹೇಳಿದ್ರು, ಮಾಡಿದವರೇ ತಮ್ಮ ಮನೆಗೆ ಮೊದಲು ಹಾಕ್ಕೊಂಡಿದ್ದಾರೆ, ನೀವು ಕಣ್ಣುಮುಚ್ಚಿ ಹಾಕಿಸ್ಕೊಳ್ಳಿ ಅಂತ.”

“ಹೌದು.”

“ಅಲ್ಲಿ ಬೀಳಲ್ವಾ?”

“ಇಲ್ಲ.”

“ಒಂದು ಹನೀನೂ?”

“ಇಲ್ಲ.”

“ನಿಮ್ಮದು ದೊಡ್ಡ ಮನೆಯಿರಬೇಕು.”

“ಇಲ್ಲ. ಇಷ್ಟೇ.”

“ಮತ್ತೆ?”

ಹದಿನೈದು ದಿನದ ಹಿಂದೆ, ಇಂಥದೇ ಚಳಿಯ ಸಂಜೆ, ತನ್ನ ಮನೆಯ ಸೂರಿನ ಅಡಿಗೂ ಹೀಗೇ ಮಲಗಿ ಬೆಳಕು ಬಿಟ್ಟು ನೋಡಿದ್ದ. ತಗಡು ಎಲುಬಿನಷ್ಟು ಒಣಗಿತ್ತು. ತಿರುಪಿನ ಮೊನೆಗಳ ಮೇಲೆ ಧೂಳು ಕೂತಿತ್ತು. ಕೆಳಗೆ ಮೂರು ಕೋಣೆಯಲ್ಲಿ ಮೂವರಿದ್ದರು. ಇಬ್ಬರೆನ್ನಬೇಕು, ಅವನು ಮೇಲಿದ್ದ. ಹಬೆಯಿರಲಿಲ್ಲ, ಸದ್ದಿರಲಿಲ್ಲ. ಗೆದ್ದೆ ಎಂದುಕೊಂಡು ಇಳಿದು ಬಂದು ಕೈ ತೊಳೆದಿದ್ದ.

“ಅಲ್ಲೇನು ಕಮ್ಮಿ ಹೇಳಿ, ಅದನ್ನೇ ಇಲ್ಲೂ ಮಾಡಿಕೊಡಿ,” ಎಂದಳು ಹೊಲಿಗೆಯವಳು. ಅವನ ಉತ್ತರಕ್ಕೆ ಕಾಯದೆ, “ಚಹಾ ಇಟ್ಟಿದ್ದೀನಿ, ಇಳಿದು ಬನ್ನಿ,” ಎಂದು ಹೋದಳು.

ಅವನು ಇಳಿಯಲಿಲ್ಲ. ಕರ್ಚೀಫು ತೆಗೆದು ತಲೆಯ ಮೇಲಿನ ಒಂದು ಹೆಂಚಿನ ಒಳಮೈಯನ್ನು ಮೂಲೆಮೂಲೆಯೂ ಬಿಡದೆ ಒರೆಸಿದ. ತಗಡು ಸ್ವಚ್ಛವಾಗಿ, ಬೂದು ಬಣ್ಣದಲ್ಲಿ, ಆಗ ತಾನೇ ಯಂತ್ರದಿಂದ ಬಂದಂತೆ ಕಂಡಿತು. ಗಡಿಯಾರ ನೋಡಿಕೊಂಡ. ಎಷ್ಟು ಹೊತ್ತಿಗೆ ಮಂಜು ಕಟ್ಟುತ್ತದೆ, ಎಷ್ಟು ಹೊತ್ತಿಗೆ ಹನಿಯಾಗುತ್ತದೆ, ಅಳೆಯಬೇಕು. ತನ್ನ ಮುಖ ತಗಡಿಗೆ ಬಲು ಹತ್ತಿರವಿತ್ತು. ತನ್ನ ಉಸಿರು ಅದಕ್ಕೆ ಸೇರಿದರೆ ಲೆಕ್ಕ ಕೆಡುತ್ತದೆ. ಅವನು ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ಮುಚ್ಚಿ, ಮೂಗು ಹಿಡಿದ.

ಹತ್ತು. ಇಪ್ಪತ್ತು. ಕೆಳಗೆ ಇಸ್ತ್ರಿ ಬುಸ್ ಎಂದಿತು. ಮಗುವೊಂದು ಪಾಠದಲ್ಲಿ ತಪ್ಪಿ, ಮತ್ತೆ ಮೊದಲಿಂದ ಶುರು ಮಾಡಿತು. ಮೂವತ್ತಕ್ಕೆ ತಗಡಿನ ಹೊಳಪು ಮಂದವಾಯಿತು. ನಲವತ್ತಕ್ಕೆ ನಟ್ಟನಡುವೆ ಹಾಲಿನ ಕೆನೆಯಂಥ ಮಂಜು ಕೂತು ಅಂಚಿನ ಕಡೆಗೆ ಹರಡುತ್ತ ಹೋಯಿತು. ಅವನ ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು.

“ಇದ್ದೀರಾ ಮೇಲೆ?” ಕೆಳಗಿನಿಂದ ಒಬ್ಬರು ಕೂಗಿದರು. ಇನ್ನೊಬ್ಬರು ಕೂಗಿದರು. ಆಮೇಲೆ ಮಕ್ಕಳೆಲ್ಲ ಸೇರಿ ಆಟದಂತೆ ಕೂಗತೊಡಗಿದರು: “ಇದ್ದೀರಾ? ಇದ್ದೀರಾ?”

ಉತ್ತರ ಕೊಡಬೇಕಾದರೆ ಉಸಿರು ಬಿಡಬೇಕಿತ್ತು. ಅವನು ಮೂಗು ಹಿಡಿದುಕೊಂಡೇ, ತನ್ನದಲ್ಲದ ಮಂಜು ಕಟ್ಟುವುದನ್ನು ನೋಡುತ್ತ, ಐವತ್ತು ಎಣಿಸಿದ, ಐವತ್ತೊಂದು ಎಣಿಸಿದ.